ಚಿಕ್ಕಮ್ಮನ ಅಂಗಡಿಯಲ್ಲಿ ವೈಫೈ ಕಾಣೆಯಾದ ವಾರ

“ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.” ಬಳಪವನ್ನೋ ಬಣ್ಣದ ಪೆನ್ಸಿಲನ್ನೋ ಯಾರಿಗಾದರೂ ಕೊಟ್ಟು ಬರಿಗೈಯಲ್ಲಿ ಶಾಲೆಯಿಂದ ಮರಳಿದ ದಿನ ಅಜ್ಜಿ ನನಗೆ ಈ ಗಾದೆಯನ್ನು ತಪ್ಪದೆ ಹೇಳುತ್ತಿದ್ದಳು. ಕನ್ನಡ ಎಂ.ಎ. ಮುಗಿಸುವ ಹೊತ್ತಿಗೆ ನನಗೆ ಅದರ ಮೇಲೆ ಅನುಮಾನ ಹುಟ್ಟಿತ್ತು. ಕೊಡುವವರೆಲ್ಲ ಕೋಡಂಗಿಗಳಾದರೆ, ತಾವು ಬರೆದ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ಜಗತ್ತಿಗೆ ಬಿಟ್ಟುಕೊಡುವ ಸಾವಿರಾರು ಮಂದಿಯನ್ನು ಏನೆಂದು ಕರೆಯಬೇಕು? ಅದನ್ನು ಯಾರೋ ಅಪರಿಚಿತರು ಕೂತು ಕನ್ನಡಕ್ಕೆ ತಂದಿಟ್ಟಿದ್ದಾರಲ್ಲ, ಅದು ಯಾವ ಲಾಭಕ್ಕೆ? ಇಂಥ ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು ಓಡಾಡುವವರಿಗೆ ಆಘಾತಗಳು ಆಗಾಗ ಒದಗುತ್ತಲೇ ಇರುತ್ತವೆ. ಕಂಪ್ಯೂಟರಿನ ಸಹವಾಸವೂ ಸೇರಿತೆಂದರೆ ಅವು ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಒಂದೇ ವಾರದಲ್ಲಿ ನನ್ನ ಪಾಲಿಗೆ ಬಂದವನ್ನಷ್ಟೇ ಇಲ್ಲಿ ಹೇಳುತ್ತೇನೆ.

ಗಡಿಯಾಚೆ ತೆಲುಗು ಸೀಮೆಯಲ್ಲಿರುವ ಹಿಂದೂಪುರದ ರೇಷ್ಮೆ ಮಾರುಕಟ್ಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನ ಚಿಕ್ಕಮ್ಮ ಒಂದು ಆನ್‌ಲೈನ್ ಸೆಂಟರ್ ಇಟ್ಟಿದ್ದಾಳೆ. ಅರ್ಜಿ ತುಂಬುವುದು, ಹಾಲ್ ಟಿಕೆಟ್ ತೆಗೆಯುವುದು, ಪ್ರಿಂಟ್ ಕೊಡುವುದು ಅವಳ ಕೆಲಸ. ಅಲ್ಲಿನ ಲ್ಯಾಪ್‌ಟಾಪಿನಲ್ಲಿ ಯಾರೋ ಹಾಕಿಕೊಟ್ಟ ಕಳ್ಳಪ್ರತಿಯ ವ್ಯವಸ್ಥೆಯಿತ್ತು. ವಿದ್ಯಾರ್ಥಿಗಳ ಭವಿಷ್ಯ ಹಾದುಹೋಗುವ ಯಂತ್ರದಲ್ಲಿ ಕದ್ದ ಮಾಲು ಇರಬಾರದೆಂದು ನಾನು ದೀರ್ಘ ಉಪನ್ಯಾಸ ಮಾಡಿ, ಅದನ್ನು ಅಳಿಸಿ, ಮುಕ್ತ ತಂತ್ರಾಂಶವಾದ ಲಿನಕ್ಸನ್ನು ಹಾಕಿ, ಪರದೆಯ ಭಾಷೆಯನ್ನೂ ಕನ್ನಡಕ್ಕೆ ಬದಲಾಯಿಸಿದೆ. ಕೆಲಕಾಲ ಎಲ್ಲವೂ ಸೊಗಸಾಗಿ ನಡೆಯಿತು. ಆಮೇಲೊಂದು ಬುಧವಾರ ಬೆಳಿಗ್ಗೆ, ನವೀಕರಣ ಬಂದಿದೆ, ಅಳವಡಿಸಲೇ ಎಂದು ಯಂತ್ರ ವಿನಯದಿಂದ ಕೇಳಿತು. ಅಷ್ಟೇ ವಿನಯದಿಂದ ನಾನು ಒಪ್ಪಿದೆ. ಯಂತ್ರ ಮತ್ತೆ ಎದ್ದಾಗ ವೈಫೈ ಇರಲಿಲ್ಲ. ನಿಧಾನವಾಗಿತ್ತೆಂದಲ್ಲ, ಕಡಿದುಹೋಗುತ್ತಿತ್ತೆಂದಲ್ಲ, ವೈಫೈ ಎಂಬುದೊಂದು ಲೋಕದಲ್ಲಿತ್ತು ಎಂಬ ಗುರುತೇ ಪರದೆಯಿಂದ ಅಳಿಸಿಹೋಗಿತ್ತು. ಪ್ರಿಂಟರೂ ವೈಫೈನದೇ ಆದುದರಿಂದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದುದು ಗೋಡೆ ಗಡಿಯಾರ ಮಾತ್ರ.

ಚಿಕ್ಕಪ್ಪ ರೇಷ್ಮೆ ನೂಲಿನ ವ್ಯಾಪಾರಿ. ಚಿಕ್ಕಮ್ಮನ ಸೆಂಟರ್ ಇರುವ ಮಳಿಗೆಯಲ್ಲೇ ಸೀರೆ ಅಂಗಡಿ ತೆರೆಯಬೇಕೆಂಬುದು ಅವರ ಬಹುಕಾಲದ ಆಸೆ. ಸುದ್ದಿ ಕೇಳಿದವರೇ ಬಂದು ನಿಂತರು.

“ಸೋಮವಾರ ಕಾಲೇಜು ಅಡ್ಮಿಷನ್ನು ಶುರುವಾಗ್ತವೆ. ಅವತ್ತೂ ಇದು ಓಡ್ಲಿಲ್ಲ ಅಂದ್ರೆ ಬೋರ್ಡು ಇಳಿಸ್ಬುಡ್ತೀನಿ. ಸೀರೆಗೆ ಅಪ್‌ಡೇಟು ಬರಲ್ಲ ಕಣಮ್ಮ.”

ಚಿಕ್ಕಮ್ಮ ನನ್ನ ಮುಖ ನೋಡಿದಳು. ನಾನು ಲ್ಯಾಪ್‌ಟಾಪನ್ನು ನನ್ನ ಕಡೆಗೆ ಎಳೆದುಕೊಂಡೆ.

ಆಫ್ ಮತ್ತು ಆನ್

ಯಂತ್ರಗಳ ವಿಷಯದಲ್ಲಿ ಚಿಕ್ಕಪ್ಪನದು ಏಕಸೂತ್ರ ಸಿದ್ಧಾಂತ: ಆಫ್ ಮಾಡಿ ಆನ್ ಮಾಡುವುದು. ಲ್ಯಾಪ್‌ಟಾಪಿಗೆ ಮಾಡಿದರು, ರೌಟರಿಗೆ ಮಾಡಿದರು, ಪ್ರಿಂಟರಿಗೆ ಮಾಡಿದರು. ಅನಂತರ ಫ್ಯಾನಿಗೂ ಮಾಡಿದರು.

“ಫ್ಯಾನಿಗೂ ವೈಫೈಗೂ ಏನು ಸಂಬಂಧ ಚಿಕ್ಕಪ್ಪ?”

“ಎರಡಕ್ಕೂ ಒಂದೇ ಮೀಟರು ಕಣಮ್ಮ.”

ಈ ತರ್ಕವನ್ನು ಅನುಸರಿಸಿ ಅವರು ಮೀಟರಿನ ಫ್ಯೂಸನ್ನೇ ಕಿತ್ತರು. ಪಕ್ಕದ ಟೈಲರ್ ಅಂಗಡಿಯ ಹೊಲಿಗೆ ಯಂತ್ರ ನಿಂತು, “ಏಮೈಂದಯ್ಯಾ?” ಎಂದು, ಏನಾಯಿತೆಂದು ಕೇಳುವ ತೆಲುಗು ಕೂಗು ಬಂತು. ಫ್ಯೂಸು ಮರಳಿ ಹಾಕಿ, ನಮ್ಮನ್ನು ಒಳಗೇ ಬಿಟ್ಟು ಶಟರನ್ನು ನೆಲದವರೆಗೆ ಎಳೆದರು. ಕತ್ತಲಲ್ಲಿ ಚಿಕ್ಕಮ್ಮನೂ ನಾನೂ ಉಸಿರು ಬಿಗಿಹಿಡಿದು ಕುಳಿತೆವು. ಶಟರು ಮೇಲೆ ಹೋಯಿತು. ಬೆಳಕು ಬಂತು; ವೈಫೈ ಬರಲಿಲ್ಲ.

ಚಿಕ್ಕಪ್ಪ ಅಂಗಡಿಯನ್ನೆಲ್ಲ ಕಣ್ಣಲ್ಲೇ ತಡಕಿ, ನನ್ನ ಮೇಲೆ ದೃಷ್ಟಿ ನಿಲ್ಲಿಸಿದರು. “ಈಗ ನೀನೊಬ್ಳು ಉಳ್ದಿರೋದು. ಒಂದ್ಸಲ ಆಚೆ ಹೋಗಿ ಒಳಕ್ಕೆ ಬಾ.”

ಸ್ನಾತಕೋತ್ತರ ಪದವೀಧರೆಯಾದ ನಾನು ಅದಕ್ಕೆ ಒಪ್ಪಿ ಹೋಗಿಬಂದೆ ಎಂಬುದೇ ನನಗಾದ ಮೊದಲ ಆಘಾತ. ಬಲಗಾಲಿಟ್ಟು ಬರಲಿಲ್ಲವೆಂದು ಎರಡನೆಯ ಸಲವೂ ಕಳುಹಿಸಿದರು.

ಏನೂ ಇಸ್ಕೊಳ್ಳದವನು

ಯಂತ್ರಕ್ಕೂ ಅದರೊಳಗಿನ ವೈಫೈ ಬಿಲ್ಲೆಗೂ ನಡುವೆ ದುಭಾಷಿಯಂತೆ ದುಡಿಯುವ ಪುಟ್ಟ ತಂತ್ರಾಂಶವೊಂದಿದೆ. ಅದನ್ನೇ ಡ್ರೈವರ್ ಎನ್ನುವುದು. ನವೀಕರಣದಿಂದ ಯಂತ್ರದ ನುಡಿ ಬದಲಾಗಿ, ಹಳೆಯ ದುಭಾಷಿಗೆ ಅದು ತಿಳಿಯದೆ ಹೋಗಿತ್ತು. ಹೊಸ ದುಭಾಷಿಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಆದರೆ ದುಭಾಷಿಯಿಲ್ಲದೆ ಇಂಟರ್ನೆಟ್ಟು ಬಾರದು. ಫೋನಿನ ಹಾಟ್‌ಸ್ಪಾಟ್ ಹಿಡಿಯುವುದಕ್ಕೂ ಅದೇ ವೈಫೈ ಬೇಕು. ಇದನ್ನು ನಾನು ಸಮಗ್ರವಾಗಿ ವಿವರಿಸಿದೆ.

“ಅಂದ್ರೆ ಕೊಡ ಬಾವಿಗೆ ಬಿದ್ದೈತೆ, ಹಗ್ಗಾನೂ ಕೊಡದ ಕುತ್ತಿಗೇಲೇ ಐತೆ,” ಎಂದು ಚಿಕ್ಕಮ್ಮ ನಿಟ್ಟುಸಿರಿಟ್ಟಳು.

ಮುಕ್ತ ತಂತ್ರಾಂಶದವರು ಪರಸ್ಪರ ನೆರವಾಗುವ ಒಂದು ಜಾಲತಾಣದಲ್ಲಿ ನನ್ನ ಫೋನಿನಿಂದ ಪ್ರಶ್ನೆ ಹಾಕಿದೆ. ಚಹಾ ಆರುವುದರೊಳಗೆ ಯಾರೋ ಒಬ್ಬರು, ಏನೇನು ಪರೀಕ್ಷಿಸಬೇಕು, ಯಾವ ಡ್ರೈವರ್ ಬೇಕು ಎಂದು ಒಂದು ಪುಟದಷ್ಟು ಬರೆದು ಕಳುಹಿಸಿದ್ದರು. ಚಿಕ್ಕಮ್ಮ ಬೆರಗಾದಳು.

“ಯಾರಮ್ಮ ಇವ್ನು? ನಮ್ಮೋರ ಪೈಕೀನಾ?”

“ಗೊತ್ತಿಲ್ಲ ಚಿಕ್ಕಮ್ಮ. ಯಾವುದೋ ದೇಶ.”

“ಏನು ಇಸ್ಕಂತಾನೆ?”

“ಏನೂ ಇಲ್ಲ.”

“ಏನೂ ಇಸ್ಕಳ್ದೆ ಈಟು ಬರ್ದವ್ನಾ! ಮದ್ವೆ ಆಗೈತಾ, ಕೇಳು.”

ಕೇಳುವ ಮೊದಲೇ ಇನ್ನೊಬ್ಬರು ಬಂದು ಗದರಿದರು: ಈ ಪ್ರಶ್ನೆಯನ್ನು ಹಿಂದೆ ಎಷ್ಟೋ ಜನ ಕೇಳಿದ್ದಾರೆ, ಮೊದಲು ಅದನ್ನು ಹುಡುಕಿ ಓದಿ, ಸುಮ್ಮನೆ ಮತ್ತೆ ಕೇಳಬೇಡಿ. ನಾನು ಅದನ್ನು ಅನುವಾದಿಸಿ ಹೇಳಿದಾಗ ಚಿಕ್ಕಮ್ಮನ ಕಣ್ಣು ಅಗಲವಾಯಿತು.

“ಯಾರೋ ಮುಂಚೆ ಕೇಳವ್ರೆ ಅಂತ ನಾವು ಕೇಳ್ಬಾರ್ದಾ? ವರ್ಷಾ ವರ್ಷಾ ಅದೇ ಸತ್ಯನಾರಾಯಣನ ಕತೆ ಓದಿಸ್ತೀವಿ. ಹೋದ ವರ್ಷಾನೇ ಕೇಳಿದ್ರಲ್ಲ ಅಂತ ಅಯ್ನೋರು ಎದ್ದು ಹೋಯ್ತಾರಾ?”

ಇದನ್ನು ಇಂಗ್ಲಿಷಿಗೆ ಅನುವಾದಿಸಿ ಹಾಕೆಂದು ಅವಳು ಹಟ ಹಿಡಿದಳು. ಹಾಕಿದೆ. ಗದರಿದಾತ ಆಮೇಲೆ ಆ ಕಡೆಗೆ ಸುಳಿಯಲಿಲ್ಲ.

ಕಲ್ಯಾಣದುರ್ಗದ ಮಾವ

ಯಾವ ಡ್ರೈವರ್ ಬೇಕೆಂಬುದು ತಿಳಿಯಿತು. ಅದನ್ನು ಯಂತ್ರದೊಳಕ್ಕೆ ತರುವ ಬಗೆ ತಿಳಿಯಲಿಲ್ಲ. ಚಿಕ್ಕಮ್ಮನ ಅಣ್ಣ ಕಲ್ಯಾಣದುರ್ಗದಲ್ಲಿ ರಿಪೇರಿ ಅಂಗಡಿ ನಡೆಸುತ್ತಾರೆ. ಮಿಕ್ಸಿ, ಮೊಬೈಲು, ಬ್ರಹ್ಮಸಮುದ್ರದ ಕಡೆಯಿಂದ ಬರುವ ಮೋಟಾರಿನ ಸ್ಟಾರ್ಟರುಗಳು, ಯಾವುದಕ್ಕೂ ಅವರು ಇಲ್ಲವೆಂದವರಲ್ಲ. ಭಾನುವಾರ ಲ್ಯಾಪ್‌ಟಾಪನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ, ನಾನು ಅಲ್ಲಿಗೆ ಹೋದೆ.

ಮಾವ ಪರದೆಯನ್ನು ಬಹಳ ಹೊತ್ತು ನೋಡಿದರು. ಹುಟ್ಟಿದಂದಿನಿಂದ ಮನೆಯಲ್ಲಿ ಕನ್ನಡವಾಡಿದವರು. ಆದರೆ ಓದಿದ್ದು ತೆಲುಗು ಮೀಡಿಯಂ.

“ಇದು ತೆಲುಗೇ ಕಣಮ್ಮ. ತಲೆಕಟ್ಟನ್ನ ಮಾತ್ರ ಯಾರೋ ಸುತ್ತಿಗೇಲಿ ಬಡ್ದು ಚಪ್ಪಟೆ ಮಾಡ್ಬುಟ್ಟವ್ರೆ.”

“ಅಲ್ಲ ಮಾವ, ಇದು ಕನ್ನಡ. ಈಗ ನೀವು ಆಡುತ್ತಿದ್ದೀರಲ್ಲ, ಅದೇ.”

ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ನಾನು ಮಾತಾಡೋದು ನೋಡೋಕೆ ಹಿಂಗಿರ್ತದಾ? ಅಯ್ಯೋ ದೇವುಡಾ!” ಎಂದವರೇ ಒಳಮನೆಯ ಕಡೆ ತಿರುಗಿ ಅತ್ತೆಯನ್ನು ಕೂಗಿದರು: “ಏಯ್, ಬಾ ಇಲ್ಲಿ! ದಿನಾ ನಿನ್ನ ಬೈತೀನಲ್ಲ, ಅದು ಎಷ್ಟು ಗುಂಡುಗುಂಡಗೈತೆ ನೋಡು!”

ಅತ್ತೆ ಬಂದು ನೋಡಿ, “ಬೈಯೋವಾಗ ಹಿಂಗಿರಲ್ಲ,” ಎಂದು ಒಳಗೆ ಹೋದರು.

ಅಷ್ಟರಲ್ಲಿ ಮಾವನ ಫೋನಿನ ಬ್ಯಾಟರಿ ಮುಗಿಯುತ್ತ ಬಂದಿತ್ತು. ಚಾರ್ಜಾಗಲೆಂದು ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿದರು. ಫೋನು ಏನನ್ನೋ ಕೇಳಿತು. ಮಾವ ಓದದೆ ಕೊನೆಯ ಸಾಲನ್ನು ಒತ್ತಿದರು. ಮರುಕ್ಷಣ ನಾನು ಕೂತಲ್ಲಿಂದ ಎದ್ದು ನಿಂತೆ. ಫೋನಿನ ಇಂಟರ್ನೆಟ್ಟು ಚಾರ್ಜಿಂಗ್ ವೈರಿನಲ್ಲೇ ಹರಿದು ಲ್ಯಾಪ್‌ಟಾಪಿಗೆ ಬಂದಿತ್ತು! ವೈಫೈ ಇಲ್ಲದೆಯೇ ಬರುವ ಈ ದಾರಿ ಅಷ್ಟು ದಿನವೂ ಪ್ರತಿಯೊಬ್ಬರ ಜೇಬಿನಲ್ಲಿತ್ತು.

“ನೋಡ್ದಾ? ಕೈ ಇಟ್ರೆ ಸಾಕು,” ಎಂದು ಮಾವ ಮೀಸೆ ತಿರುವಿದರು.

ಆ ಹೆಮ್ಮೆ ಬಾಳಲಿಲ್ಲ. ಡ್ರೈವರಿನ ಜೊತೆಗೆ, ದಿನಗಟ್ಟಲೆ ಉಪವಾಸವಿದ್ದ ಯಂತ್ರ ಬಾಕಿಯಿದ್ದ ನವೀಕರಣಗಳನ್ನೆಲ್ಲ ಎಳೆದುಕೊಂಡಿತು. “ನನ್ನ ಇವತ್ತಿನ ಡೇಟಾ ಎಲ್ಲಾ ಕುಡ್ದುಬುಡ್ತಲ್ಲೇ!” ಎಂದು ಮಾವ ತಲೆಯ ಮೇಲೆ ಕೈಹೊತ್ತರು. ಕೊನೆಯಲ್ಲಿ ಯಂತ್ರ ಒಂದು ಗುಪ್ತಪದ ಹೇಳೆಂದು ಕೇಳಿತು. ಮುಂದಿನ ಸಲ ಎದ್ದಾಗ ಅದನ್ನು ಪರೀಕ್ಷಿಸಿ ಹೊಸ ಡ್ರೈವರನ್ನು ಒಪ್ಪಿಕೊಳ್ಳುವುದಂತೆ. ಬಸ್ಸು ಹೊರಡುವುದರಲ್ಲಿತ್ತು. ಅವಸರದಲ್ಲಿ ಗುಪ್ತಪದ ಕೊಟ್ಟು ಓಡಿದೆ.

ಸಂಜೆ ಬಸ್ಸಿನಲ್ಲಿದ್ದಾಗ ಅತ್ತೆಯ ಫೋನು ಬಂತು. “ನಿಮ್ಮ ಮಾವ ಫೋನು ಕೆಳಗಿಟ್ಟು ಉಂಡ್ರು ಕಣಮ್ಮ. ಸಾರು ಚೆನ್ನಾಗೈತೆ ಅಂದ್ರು. ನನಗ್ಯಾಕೋ ಭಯ ಆಯ್ತೈತೆ. ಡಾಕ್ಟ್ರಿಗೆ ತೋರ್ಸಬೇಕಾ?”

ನೀಲಿ ಪರದೆ

ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋದಾಗ ಚಿಕ್ಕಪ್ಪನ ಜೊತೆ ಬೋರ್ಡು ಬರೆಯುವ ಪೇಂಟರ್ ಒಬ್ಬ ಏಣಿ ಹತ್ತಿ ಅಳತೆ ತೆಗೆಯುತ್ತಿದ್ದ. ಚಿಲಮತ್ತೂರಿನಿಂದ ಒಬ್ಬರು ತಮ್ಮ ಮಗಳ ಕಾಲೇಜು ಅರ್ಜಿಗೆಂದು ಬಂದು ಬೆಂಚಿನ ಮೇಲೆ ಕುಳಿತಿದ್ದರು. ಚಿಕ್ಕಮ್ಮ ಯಾರ ಕಡೆಗೂ ನೋಡದೆ ಮೇಜು ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

ಲ್ಯಾಪ್‌ಟಾಪ್ ಎದ್ದಿತು. ಪರದೆಯೆಲ್ಲ ನೀಲಿಯಾಗಿ ಗುಪ್ತಪದ ಕೇಳಿತು. ಟೈಪ್ ಮಾಡಿದೆ. ತಪ್ಪು ಎಂದಿತು. ಮತ್ತೆ ಮಾಡಿದೆ. ತಪ್ಪು. ಆಗ ನನಗೆ ಹೊಳೆದುದು ಸಿಡಿಲಿನಂತಿತ್ತು. ಕಲ್ಯಾಣದುರ್ಗದಲ್ಲಿ ನನ್ನ ಕೀಲಿಮಣೆ ಕನ್ನಡದಲ್ಲಿತ್ತು. ಗುಪ್ತಪದವಾಗಿ ನಾನು ಕೊಟ್ಟದ್ದು ‘ಸ್ವಾತಂತ್ರ್ಯ’ ಎಂಬ ಪದ. ಈ ನೀಲಿ ಪರದೆಯೋ ವ್ಯವಸ್ಥೆ ಏಳುವುದಕ್ಕೂ ಮೊದಲು ಬರುವಂಥದ್ದು. ಅದಕ್ಕೆ ಇಂಗ್ಲಿಷ್ ಕೀಲಿಗಳಲ್ಲದೆ ಬೇರೇನೂ ತಿಳಿಯದು. ಅಷ್ಟು ಬೆಳಿಗ್ಗೆ ಯಂತ್ರದಲ್ಲಿ ಕನ್ನಡ ಇನ್ನೂ ಎದ್ದೇ ಇರುವುದಿಲ್ಲ!

“ಅಯಿಪೋಯಿಂದಾ? ಮುಗೀತಾ?” ಎಂದರು ಚಿಕ್ಕಪ್ಪ. ಏಣಿಯ ಮೇಲಿನಿಂದ ಪೇಂಟರ್ “ಎಂಟಡಿ” ಎಂದ.

ನೀಲಿ ಪರದೆಯನ್ನು ದಾಟಿ ಒಳಗೆ ಹೋಗಿ, ಗುಪ್ತಪದವನ್ನು ಹೊಸದಾಗಿ ಕೊಡುವ ಆಜ್ಞೆ ಬರೆದೆ. ಈ ಬಾರಿ ಇಂಗ್ಲಿಷ್ ಅಕ್ಷರಗಳಲ್ಲೇ ಇರಲಿ, ಬೇರೆ ಯಾರಿಗೂ ತಿಳಿಯದಂಥ ಪದವೊಂದನ್ನು ನನ್ನ ಕಿವಿಯಲ್ಲಿ ಹೇಳು ಎಂದು ಚಿಕ್ಕಮ್ಮನನ್ನು ಕೇಳಿದೆ. ಅವಳು ರಸ್ತೆಯಾಚೆಗೂ ಕೇಳುವಂತೆ ಹೇಳಿದಳು:

“ನಮ್ಮತ್ತೆ ಹೆಸ್ರು ಇಡು!”

“ಅಯ್ಯೋ ಚಿಕ್ಕಮ್ಮ, ಅದು ಬೀದಿಗೆಲ್ಲ ಗೊತ್ತಲ್ಲ!”

“ಅದಕ್ಕೇ ಕಣಮ್ಮ. ನಾವು ಮರ್ತ್ರೆ ಬೀದಿಯೋರು ಹೇಳ್ತಾರೆ.”

ಮೊದಲ ಗಿರಾಕಿ

ಯಂತ್ರವನ್ನು ಮತ್ತೆ ಎಬ್ಬಿಸಿದೆ. ನೀಲಿ ಪರದೆ ಬಂತು. ಚಿಕ್ಕಮ್ಮನ ಅತ್ತೆಯ ಹೆಸರನ್ನು ಒಂದೊಂದೇ ಅಕ್ಷರ ಒತ್ತಿದೆ. ನೀಲಿ ಕರಗಿತು, ಮೂಲೆಯಲ್ಲಿ ವೈಫೈ ಗುರುತು ಮೂಡಿತು. ಚಿಕ್ಕಮ್ಮನ ಕೈಯಲ್ಲಿದ್ದ ಬಟ್ಟೆ ನಿಂತಿತು.

ಚಿಲಮತ್ತೂರಿನ ಹುಡುಗಿಯ ಅರ್ಜಿ ಹೋಯಿತು. ಪ್ರಿಂಟರು ಕೆಮ್ಮಿ, ಹಾಳೆಯನ್ನು ಹೊರಹಾಕಿತು. ಅವಳ ತಂದೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ಬತ್ತೀವಮ್ಮ, ಚೆನ್ನಾಗಿರಿ,” ಎಂದರು. ಆದರೆ ಹೋಗಲಿಲ್ಲ, ಮುಂದೇನಾಗುವುದೋ ನೋಡಲು ನಿಂತರು. ಪೇಂಟರ್ ಏಣಿಯಿಂದ ಇಳಿದ. ಟೈಲರೂ ಟೇಪು ಕೊರಳಿಗೆ ಹಾಕಿಕೊಂಡೇ ಬಂದ.

ಚಿಕ್ಕಪ್ಪ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತ ಮೇಜಿನ ಹತ್ತಿರಕ್ಕೆ ಸರಿದರು. ಸೋತವರ ಮುಖ ಅದಾಗಿರಲಿಲ್ಲ. ಏನೋ ನಿರಾಳವಾದ ಮುಖ.

“ಪ್ರಿಂಟು ಓಡ್ತೈತಾ ಈಗ?”

“ಓಡ್ತೈತೆ. ಯಾಕೆ?” ಎಂದಳು ಚಿಕ್ಕಮ್ಮ.

“ಏನಿಲ್ಲ... ಸೀರೆ ಅಂಗಡಿ ಓಪನಿಂಗ್ ಕಾರ್ಡು ಹೊಡಿಸ್ಬೇಕಿತ್ತು. ಈ ರಸ್ತೇಲಿ ಪ್ರಿಂಟು ಕೊಡೋರು ಇನ್ಯಾರೂ ಇಲ್ಲ. ಬುಧವಾರದಿಂದ ಕಾಯ್ತಾ ಇದೀನಿ.”

ಐದು ದಿನಗಳಿಂದ ಈ ಅಂಗಡಿಯನ್ನು ಮುಚ್ಚಿಸಲು ತುದಿಗಾಲಲ್ಲಿ ನಿಂತಿದ್ದ ಮನುಷ್ಯ, ಅದನ್ನು ಮುಚ್ಚಿದ ಸಂಭ್ರಮದ ಆಹ್ವಾನ ಪತ್ರಿಕೆಗಾಗಿ, ಅದು ಬೇಗ ತೆರೆಯಲೆಂದು ನನಗಿಂತ ಹೆಚ್ಚು ಹಾರೈಸುತ್ತಿದ್ದರು!

“ಅಡ್ರೆಸ್ಸು ಏನಂತ ಹಾಕ್ಲಿ?” ಎಂದಳು ಚಿಕ್ಕಮ್ಮ, ತಣ್ಣಗೆ.

“ಇದೇ... ಹಳೇ ಆನ್‌ಲೈನ್ ಸೆಂಟರ್ ಇದ್ದ ಜಾಗ ಅಂತ ಹಾಕು. ಜನಕ್ಕೆ ಗುರುತು ಸಿಗ್ತದೆ. ನಿನ್ನ ಸೆಂಟರ್‌ಗೆ ಒಳ್ಳೆ ಹೆಸ್ರೈತೆ.”

ಟೈಲರ್ ಬಾಯಿಗೆ ಕೈ ಅಡ್ಡ ಹಿಡಿದ. ಪೇಂಟರ್ ಏಣಿಯ ಹಿಂದೆ ಮರೆಯಾದ. ಚಿಕ್ಕಮ್ಮ ಮೇಜಿನಿಂದೆದ್ದು ಬಾಗಿಲಿಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿಂತಿದ್ದವರನ್ನೆಲ್ಲ ಒಮ್ಮೆ ನೋಡಿದಳು.

“ಎಲ್ರೂ ಇಲ್ಲೇ ಇದೀರಲ್ಲ, ಕೇಳ್ಕಳ್ರಿ. ಈ ಅಂಗಡಿ ನಾನು ಬಿಡಲ್ಲ. ಸೀರೆ ಅಂಗಡಿ ಎಲ್ಲಿ ಬೇಕಾದ್ರೂ ಇಟ್ಕಳ್ಳಿ. ಕಾರ್ಡು ಮಾತ್ರ ಇಲ್ಲೇ ಹೊಡ್ಕೊಡ್ತೀನಿ.”