ಅಪ್ಪನ ರೇಜರು, ನನ್ನ ಕೆನ್ನೆ

ಹಿರಿಯರು ಬಿಟ್ಟುಹೋದ ಹೊಲವಾದರೆ ಉಳಬಹುದು, ಉಳಲು ಬಾರದಿದ್ದರೆ ಗುತ್ತಿಗೆಗೆ ಕೊಡಬಹುದು. ಮುಖದ ಮೇಲೆ ಉಳಬೇಕಾದ ಆಸ್ತಿಯನ್ನು ಯಾರಿಗೆ ಗುತ್ತಿಗೆಗೆ ಕೊಡುವುದು? ಅಪ್ಪನ ವರ್ಷದ ತಿಥಿ ಮುಗಿದ ಮೇಲೆ ಅವ್ವ ಅವರ ರೇಜರನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಕೈಗಿಟ್ಟಳು. ಹೊಳಪು ಸವೆದು ಒಳಗಿನ ಹಿತ್ತಾಳೆ ಇಣುಕುತ್ತಿತ್ತು. ಹಿಡಿಯ ಬುಡ ತಿರುಗಿಸಿದರೆ ನೆತ್ತಿಯ ಮೇಲೆ ಎರಡು ಪುಟ್ಟ ಬಾಗಿಲು ತೆರೆದುಕೊಳ್ಳುತ್ತವೆ. ಬ್ಲೇಡನ್ನು ಒಳಗೆ ಮಲಗಿಸಿ ಮುಚ್ಚಬೇಕು. ಪೆರಿಯನಾಯಕನಪಾಳ್ಯಂ ಮಿಲ್ಲಿನ ಹುಡುಗರೆಲ್ಲ ಪ್ಲಾಸ್ಟಿಕ್ ಹಿಡಿಯ ರೇಜರು ಕೊಳ್ಳುತ್ತಿದ್ದ ಕಾಲ ಅದು. "ನಿಮ್ಮಪ್ಪ ಕಡೇ ತನಕ ಇದ್ರಲ್ಲೇ ಮಾಡ್ಕೊಂಡ್ರು, ನನ್ನ ಕಣ್ಣೇ. ಇನ್ನು ನೀನು ಅಂಗಡೀಲಿ ಹೋಗಿ ಕೂರ್ಬೇಡ," ಎಂದಳು ಅವ್ವ. ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಿ ಕೂರುವುದೇ ವಾರದಲ್ಲಿ ನನಗಿದ್ದ ಒಂದೇ ವಿಶ್ರಾಂತಿ ಎಂದು ಅವಳಿಗೆ ಹೇಗೆ ಹೇಳಲಿ?

ನಾನು ಸಿರುಮುಗೈ ಊರಿನ ಮಗ್ಗದವನು. ಎಳೆಯುವುದು, ಬಡಿಯುವುದು, ಇಷ್ಟೇ ನನ್ನ ಕೈಗೆ ಗೊತ್ತು. ದಿನಾ ಬೆಳಿಗ್ಗೆ ಗಾಯಕ್ಕೆ ಒತ್ತಲು ಪಟಿಕದ ಕಲ್ಲು ಹಿಡಿದು ಹೆಂಡತಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಏನುಂಗ, ಇವತ್ತು ಎಲ್ಲೆಲ್ಲಿ?"

ಮಗಳು ಸರಸುವನ್ನು ನೋಡಲು ಧಾರಾಪುರದಿಂದ ಗಂಡಿನವರು ಬರುವ ದಿನ ಮನೆಯಲ್ಲಿ ಹೊಸ ಬ್ಲೇಡು ಇರಲಿಲ್ಲ. ಮಗ್ಗದ ಹತ್ತಿರ ಜರಿ ಕತ್ತರಿಸಲು ಇಟ್ಟ ಹಳೆಯ ಬ್ಲೇಡು ಮುರಿಯದೆ ಇಡಿಯಾಗಿತ್ತು. ಅದನ್ನೇ ಹಾಕಿ ಎಳೆದೆ. ಬರಲಿಲ್ಲ. ಒತ್ತಿ ಎಳೆದೆ. ಕೆನ್ನೆಯ ಮೇಲೆ ಸಾಲಾಗಿ ಗೆರೆಗಳೆದ್ದವು, ಯಾರೋ ಉಗುರಿನಿಂದ ಪರಚಿದ ಹಾಗೆ.

ಗಂಡಿನ ತಾಯಿ ಕೇಸರಿಬಾತು ತಿನ್ನುತ್ತ ನನ್ನ ಕೆನ್ನೆ ನೋಡಿದರು, ಆಮೇಲೆ ನನ್ನ ಹೆಂಡತಿಯ ಉಗುರು ನೋಡಿದರು. ಗಂಡನ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ, "ಹುಡುಗಿ ಸಾಧು ತರ ಇದಾಳೆ. ತಾಯಿ ಕೈ ನೋಡಿದ್ರಾ? ನಾಳೆ ನಮ್ಮ ಹುಡುಗನ ಗತಿ?" ಎಂದರು. ನನ್ನ ಹೆಂಡತಿ ಗಾಬರಿಯಲ್ಲಿ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟಳು, ಅಪರಾಧ ರುಜುವಾತಾಯಿತು. ಹುಡುಗ ಸರಸುವಿಗೆ ಹಿಡಿಸಿದ್ದನೆಂದು ಅವಳು ಕಾಫಿ ಕೊಟ್ಟ ರೀತಿಯಲ್ಲೇ ನಮಗೆ ತಿಳಿದಿತ್ತು. ಈಗ ಬಾಗಿಲ ಸಂದಿಯಲ್ಲಿ ಅವಳ ಕಣ್ಣು ತುಂಬಿತ್ತು. ನನ್ನ ಕೆನ್ನೆ ಅವಳ ಮದುವೆಯನ್ನೇ ಕೆಡಿಸುವಂತಿತ್ತು.

ಅವ್ವ ತಟ್ಟೆಯಲ್ಲಿ ರೇಜರಿಟ್ಟು ತಂದಳು. "ಸೊಸೆ ಏನೂ ಮಾಡಿಲ್ಲಮ್ಮ. ಈ ಮಹರಾಯ ತಾನೇ ಮಾಡ್ಕೊಂಡಿದ್ದು!"

ಗಂಡಿನ ತಂದೆ ರೇಜರಿನ ಬಾಗಿಲು ತೆರೆದು ಬ್ಲೇಡನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಜರಿಯ ಚೂರು ಮಿನುಗಿತು. "ಜರಿ ಕತ್ತರ್ಸಿದ ಬ್ಲೇಡಾ? ಅಯ್ಯೋ ಸಂಬಂಧೀ, ಇದ್ರಲ್ಲಿ ತೆಂಗಿನಕಾಯಿ ಜುಟ್ಟೂ ಹೋಗಲ್ಲ!"

ಸಂಬಂಧಿ ಎಂದರೆ ನಮ್ಮಲ್ಲಿ ಬೀಗರು. ಆ ಮಾತು ಕೇಳಿದ್ದೇ ಹೆಂಡತಿಯ ಕೈ ಸೆರಗಿನಿಂದ ಹೊರಬಂತು. ಬೀಗರು ಬ್ಲೇಡು ತೆಗೆದಿಟ್ಟು, ಬರೀ ರೇಜರನ್ನು ತಮ್ಮ ಕೆನ್ನೆಯ ಮೇಲೆ ಓರೆಯಾಗಿ ಇಳಿಸಿ ತೋರಿಸಿದರು. "ಒತ್ತಬಾರ್ದು. ಅದರ ಭಾರಕ್ಕೆ ಅದೇ ಇಳೀಬೇಕು. ನೀವು ಮಗ್ಗ ಬಡಿದ ಹಾಗೆ ಬಡಿದಿದ್ದೀರಿ." ಹುಡುಗ ಅದನ್ನು ಇಸಿದುಕೊಂಡು ಬಾಗಿಲು ತೆರೆದ, ಮುಚ್ಚಿದ, ಮತ್ತೆ ತೆರೆದ. ಕೆಳಗಿಡಲೇ ಇಲ್ಲ.

ಹೊರಡುವಾಗ ಬೀಗರು ತಡವರಿಸಿದರು. "ನಮಗೆ ಕೊಡೋದು ಗಿಡೋದು ಏನೂ ಬೇಡ. ಹುಡುಗ ಇದ್ರ ಮೇಲೆ ಆಸೆಪಡ್ತಿದಾನೆ..."

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ತಕ್ಕೊಳ್ಳಿ ಸಾಮಿ, ಇವನಿಗೆ ಈ ಜನ್ಮದಲ್ಲಿ ಬರಲ್ಲ," ಎಂದುಬಿಟ್ಟಳು. ಮಗಳ ಸುಖಕ್ಕಾಗಿ ಪಿತ್ರಾರ್ಜಿತವನ್ನೇ ತ್ಯಾಗ ಮಾಡಿದ ತಂದೆಯಂತೆ ನಾನು ತಲೆ ತಗ್ಗಿಸಿ ನಿಂತೆ. ತಗ್ಗಿಸದಿದ್ದರೆ ನಗು ಕಾಣುತ್ತಿತ್ತು.