ಬಚ್ಚಲುಮನೆಯ ಮಹಾರಣ್ಯ

ಯಜಮಾನರು: ‘ದಟ್ಟ ಕಾಡಿನ ಜೌಗು’ ಅಂತ ಬರ್ಕೊಳ್ಳಮ್ಮ.

ಯಜಮಾನಿ: ‘ನಮ್ಮ ಬಚ್ಚಲುಮನೆ’ ಅಂತ ಬರಿ! ಆ ಮೊಸಳೆ ಮರಿ ಕೂತಿರೋದು ನಾನು ಬಟ್ಟೆ ನೆನೆಹಾಕೋ ಟಬ್ಬಲ್ಲಿ. ಆಗ ನಾಲ್ಕು ದಿನ ಯಾರಿಗೂ ಸ್ನಾನ ಇರ್ಲಿಲ್ಲ!

ಗೋಡೆಗೆ ಕಟ್ಟಿದ ಬಿಳಿ ಬೆಡ್‌ಶೀಟಿನ ಮೇಲೆ ಮೊಸಳೆ ಕಣ್ಣು ಮಿಟುಕಿಸಿತು. ಯಜಮಾನರು ಯೌವನದಲ್ಲಿ ತೆಗೆದ ವನ್ಯಜೀವಿ ಚಲನಚಿತ್ರಗಳನ್ನು ಪಟ್ಟಿ ಮಾಡಲು ಸಂಗ್ರಹಾಲಯದಿಂದ ಬಂದಿದ್ದ ಗುಮಾಸ್ತೆಗೆ ಪೇಚಾಟ. ಅವಳ ನಮೂನೆಯಲ್ಲಿ ಇದ್ದದ್ದು ಎರಡೇ ಚೌಕ: ‘ಸಹಜ’, ‘ಕೃತಕ’.

ಗುಮಾಸ್ತೆ: ಸರ್, ಈಗಿನವರು ಮರಕ್ಕೆ ಕ್ಯಾಮೆರಾ ಕಟ್ಟಿ ಆರು ತಿಂಗಳು ಕಾಯ್ತಾರೆ...

ಯಜಮಾನರು: ನಮ್ಮ ಗುರುಗಳ ಕಾಲದಲ್ಲಿ ಮೊದಲು ಗುಂಡು, ಆಮೇಲೆ ಕ್ಯಾಮೆರಾ. ನಾನು ಒಂದು ಇರುವೆಗೂ ನೋವು ಮಾಡ್ಲಿಲ್ಲ. ಕಥೆ ಕಟ್ಟಿದೆ, ಅಷ್ಟೇ.

ಯಜಮಾನಿ: ಏನು ಕಥೆಯೋ! ಈ ಕೊಕ್ಕರೆ ಏಕಪತ್ನೀವ್ರತಸ್ಥ ಅಂದ್ರಿ. ದೃಶ್ಯಕ್ಕೊಂದು ಗಂಡು ಕೊಕ್ಕರೆ!

ಯಜಮಾನರು: ಹೆಣ್ಣೂ ಬೇರೆಬೇರೆನೇ ಕಣೇ. ಸರಿಹೋಯ್ತಲ್ಲ!

ಗುಮಾಸ್ತೆ: ಮತ್ತೆ ಈ ದುಷ್ಟ ನರಿ?

ಯಜಮಾನರು: ಪಾಪ, ಅದು ಆಕಳಿಸ್ತಿತ್ತು. ಕಥೆಗೊಬ್ಬ ಖಳನಾಯಕ ಬೇಕಲ್ಲಮ್ಮ, ಹಿಂದೆ ಡೋಲು ಬಾರಿಸಿದೆ.

ಕೃತಕ, ಕೃತಕ, ಕೃತಕ. ಗುಮಾಸ್ತೆ ಗುರುತು ಹಾಕುತ್ತಾ ಹೋದಂತೆ ಯಜಮಾನರ ಮುಖ ಸಪ್ಪಗಾಯಿತು. ಅವಳಿಗೂ ಅಯ್ಯೋ ಅನ್ನಿಸಿತು. ಉಳಿದದ್ದು ಒಂದೇ ಸುರುಳಿ. ಹೊಳೆಯ ದಂಡೆ, ಗುಡಾರ, ಒಳಗೆ ನುಗ್ಗುತ್ತಿರುವ ಕರಡಿ. ಅದರ ಬೆನ್ನಿಗೆ ಪೊರಕೆಯಿಂದ ಬಾರಿಸುತ್ತಿರುವ ಒಬ್ಬ ಹೆಂಗಸು.

ಗುಮಾಸ್ತೆ: ಅಯ್ಯಯ್ಯೋ! ಅಮ್ಮ, ಇದು ನೀವೇ!

ಯಜಮಾನಿ: ಹೆದರ್ಬೇಡ, ಅದು ನನ್ನ ತಮ್ಮ. ಇವರೇ ಕರಡಿ ವೇಷ ಹಾಕಿಸಿದ್ರು. ಕೆಸರುಗಾಲಲ್ಲಿ ನುಗ್ತಿದ್ದ, ‘ಕಾಲು ತೊಳ್ಕೊಂಡು ಬಾರೋ’ ಅಂತ ನಾಲ್ಕು ಬಿಟ್ಟೆ. ತೆಪ್ಪಗೆ ಹೊಳೆಗೆ ಹೋದ. ಹಾಕು, ಕೃತಕ.

ಯಜಮಾನರು ಕೆಮ್ಮಿದರು.

ಯಜಮಾನರು: ಇದಕ್ಕೆ ‘ಸಹಜ’ ಅಂತ ಹಾಕಮ್ಮ.

ಯಜಮಾನಿ: ಅಂದ್ರೆ?

ಯಜಮಾನರು: ನಿನ್ನ ತಮ್ಮ ವೇಷ ಹಾಕ್ಕೊಂಡ್ರೆ ತುರಿಕೆ ಅಂತ ಅವತ್ತು ಬೆಳಗ್ಗೆನೇ ಊರಿಗೆ ಬಸ್ಸು ಹತ್ತಿದ್ದ. ಕೂಗೋಣ ಅಂದ್ರೆ ನನಗೆ ದನಿಯೇ ಹೊರಡ್ಲಿಲ್ಲ ಕಣೇ. ಆಮೇಲೆ ಹೇಳಿದ್ರೆ ನೀನು ಎದೆ ಒಡ್ಕೋತೀಯ ಅಂತ ಮೂವತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ.

ಯಜಮಾನಿ ಗೋಡೆ ಹಿಡಿದು ಕುಸಿದು ಕುಳಿತರು. ಗುಮಾಸ್ತೆ ಓಡಿಹೋಗಿ ನೀರು ತಂದಳು. ಬೆಡ್‌ಶೀಟಿನ ಮೇಲೆ ಕರಡಿ ತಲೆ ತಗ್ಗಿಸಿಕೊಂಡು ಹೊಳೆಗಿಳಿಯುತ್ತಿತ್ತು. ಯಜಮಾನಿ ಅದನ್ನೇ ನೋಡುತ್ತಾ ಲೋಟ ಖಾಲಿ ಮಾಡಿದರು.

ಯಜಮಾನಿ: ಒಂದೇ ಸಲ ಹೇಳಿದ್ದಕ್ಕೆ ಮಾತು ಕೇಳ್ತಲ್ಲ, ಆಗ್ಲೇ ನನಗೆ ಅನುಮಾನ ಬರಬೇಕಿತ್ತು. ನನ್ನ ತಮ್ಮ ಯಾವತ್ತು ಕಾಲು ತೊಳ್ದಿದ್ದ!