ಒಳಗೆ ಬಾರದ ಧಾರೆ

‘ಗೊತ್ತಿಲ್ಲ’ ಎನ್ನುವ ಮಾತು ನನ್ನ ನಾಲಿಗೆಗೆ ಒಗ್ಗುವುದಿಲ್ಲ. ಯಾರಾದರೂ ದಾರಿ ಕೇಳಿದರೆ ನೋಡದ ಬೀದಿಗೂ ಧಾರಾಳವಾಗಿ ಕೈ ತೋರಿಸಿ ಕಳಿಸುವ ಜನ ನಾವು. ಅದರಲ್ಲಿ ನಾನು ಒಂದು ಕೈ ಮುಂದು. ಮಂಡ್ಯದ ನಮ್ಮ ಆಫೀಸಿನಲ್ಲಿ ನಿವೃತ್ತರಾದವರೊಬ್ಬರ ಫೋಟೋಗಳಿಗೆ ಹಾಡು ಜೋಡಿಸಿ, ಕೊನೆಯಲ್ಲಿ ಗುಲಾಬಿ ಹೂಗಳು ಉದುರುವಂತೆ ಮಾಡಿದ್ದೆ. ಅವರ ಹೆಂಡತಿ ಕಣ್ಣೊರೆಸಿಕೊಂಡರು. ಅಂದಿನಿಂದ ನಾನು ವಿಡಿಯೋ ಎಡಿಟಿಂಗ್ ಬಲ್ಲವನೆಂದು ನೆಂಟರಿಷ್ಟರಲ್ಲೆಲ್ಲ ಸುದ್ದಿಯಾಯಿತು. ಸುದ್ದಿ ಹಬ್ಬಿಸಿದವನು ನಾನೇ.

ಹೀಗಾಗಿ ತಂಗಿಯ ಮಗಳು ಕಾವ್ಯಳ ಮದುವೆ ಮದ್ದೂರಿನ ಛತ್ರದಲ್ಲಿ ನಿಶ್ಚಯವಾದಾಗ, ವಿಡಿಯೋದವರನ್ನು ಕರೆಸುವುದು ಬೇಡ, ನಾನಿದ್ದೇನೆ ಎಂದು ಎದೆ ತಟ್ಟಿಕೊಂಡೆ. ಗಂಡಿನ ಗೆಳೆಯನೊಬ್ಬನ ಹತ್ತಿರ ಹೊಸ ಫೋನಿತ್ತು. ಅವನು ಹಿಡಿಯುವುದು, ನಾನು ನಿರ್ದೇಶಿಸುವುದು ಎಂದಾಯಿತು. ಮದುವೆ ಮುಗಿದ ಮೇಲೆ ಆ ಪುಣ್ಯಾತ್ಮ ಎಲ್ಲವನ್ನೂ ನನ್ನ ಪೆನ್‌ಡ್ರೈವಿಗೆ ಹಾಕಿಕೊಟ್ಟು, ಫೋನಿನಲ್ಲಿ ಜಾಗ ಸಾಲದೆಂದು ಅಲ್ಲಿದ್ದುದನ್ನು ಅಳಿಸಿಬಿಟ್ಟ.

ಈ ವಿಡಿಯೋಗೆ ಎಲ್ಲರಿಗಿಂತ ಹೆಚ್ಚು ಕಾದಿದ್ದವಳು ಬೆಳಕವಾಡಿಯ ನಮ್ಮಕ್ಕ. ನಮ್ಮ ಕಡೆ ಮದುವೆಗಳಲ್ಲಿ ಉಗ್ರಾಣದ ಬೀಗದ ಕೈ ನಂಬಿಕಸ್ಥರ ಸೊಂಟದಲ್ಲೇ ಇರಬೇಕು. ತೆಂಗಿನಕಾಯಿ, ತುಪ್ಪ, ತಾಂಬೂಲದ ಚೀಲಗಳ ನಡುವೆ ಕೂತವರಿಗೆ ಮದುವೆಯೆಂದರೆ ಗೋಡೆಯಾಚೆ ಕೇಳಿಸುವ ಗಟ್ಟಿಮೇಳ, ಅಷ್ಟೆ. ಕಾವ್ಯಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಆದರೂ ಬೀಗದ ಕೈ ಅವಳ ಸೊಂಟದಲ್ಲಿದ್ದುದರಿಂದ ಧಾರೆಯ ಹೊತ್ತಿನಲ್ಲಿ ಅವಳಿಗೆ ಉಗ್ರಾಣ ಬಿಟ್ಟು ಏಳಲಾಗಲಿಲ್ಲ. “ಬುಡು, ನೀನ್ ವಿಡಿಯೋದಲ್ಲಿ ತೋರುಸ್ತೀಯಲ್ಲ” ಎಂದು ಸಮಾಧಾನ ತಂದುಕೊಂಡಿದ್ದಳು.

ಆದರೆ ಪೆನ್‌ಡ್ರೈವಿನ ಆ ಫೈಲುಗಳು ನನ್ನ ಎಡಿಟಿಂಗ್ ಸಾಫ್ಟ್‌ವೇರಿನ ಒಳಗೆ ಬರಲು ಸುತರಾಂ ಒಪ್ಪಲಿಲ್ಲ. ಎಳೆದು ತಂದು ಬಿಟ್ಟರೆ ಪರದೆಯ ಮೇಲೆ ಪುಟ್ಟ ಪೆಟ್ಟಿಗೆಯೊಂದು ಮೂಡಿ ಏನೋ ಹೇಳುತ್ತಿತ್ತು. ನಾನು ‘ಓಕೆ’ ಒತ್ತಿ ಬಾಯಿ ಮುಚ್ಚಿಸುತ್ತಿದ್ದೆ. ನೇರವಾಗಿ ಓಡಿಸಿ ನೋಡೋಣವೆಂದರೂ ಬರೀ ಕಪ್ಪು ಪರದೆ. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ. ಆಯುಧಪೂಜೆಯಲ್ಲಿ ಅದಕ್ಕಿಟ್ಟ ಕುಂಕುಮ ಸಂದಿಗೆ ಇಳಿದಿರಬಹುದೆಂದು ಊದಿ ನೋಡಿದೆ. ಕೊನೆಗೆ ಫೈಲಿನ ಹೆಸರಿನಲ್ಲಿ ಚುಕ್ಕೆಯ ಮುಂದಿರುವ ಬಾಲವನ್ನೇ ಅಳಿಸಿ ಬೇರೆ ಬಾಲ ಅಂಟಿಸಿದೆ. ಹೆಸರು ಬದಲಾದರೆ ಹಾಗಲಕಾಯಿ ಸಿಹಿಯಾದೀತೇ? ಸಾಫ್ಟ್‌ವೇರಿಗೂ ಅದನ್ನು ಮಾಡಿದವರ ವಂಶಕ್ಕೂ ಬೈಯುತ್ತ ಕೂತೆ.

ಅಕ್ಕ ದಿನವೂ ಫೋನು ಮಾಡುತ್ತಿದ್ದಳು. “ಒಳಕ್ಕೋಯ್ತೇನ್ಲಾ?”

“ಇನ್ನೂ ಇಲ್ಲ ಕಣಕ್ಕ.”

“ಅದೇನ್ಲಾ ಅದು, ಒಸ್ಲಲ್ಲಿ ನಿಂತ ಮದುವಣಗಿತ್ತಿಯಂಗೆ ಆಡ್ತದೆ! ಸೇರಕ್ಕಿ ಇಟ್ಟು ಒದುಸ್ಬೇಕಾ?”

ಕೊನೆಗೆ ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಲೇ ಕೇಳಿದಳು: “ಅಲ್ಲಾ, ಆ ಪೆಟ್ಟಿಗೇಲಿ ಏನೋ ಬರ್ದದಲ್ಲ, ಅದುನ್ನ ಓದುದ್ರಾ?”

ಓದಿರಲಿಲ್ಲ. ಔಷಧಿ ಡಬ್ಬಿಯ ಮೇಲಿನ ಸೂಚನೆಯನ್ನೂ ಓದುವವನಲ್ಲ ನಾನು. ಓದಿದರೆ ವಿಷಯ ಇಷ್ಟೇ: ಹೊಸ ಫೋನುಗಳು ಜಾಗ ಉಳಿಸಲು ವಿಡಿಯೋವನ್ನು ಒತ್ತಿ ಮಡಿಚಿ ಇಡುತ್ತವಂತೆ, ನನ್ನ ಹಳೆಯ ಲ್ಯಾಪ್‌ಟಾಪಿಗಾಗಲಿ ಸಾಫ್ಟ್‌ವೇರಿಗಾಗಲಿ ಆ ಮಡಿಕೆ ಬಿಚ್ಚಲು ಬರುವುದಿಲ್ಲ. ಮೊದಲು ಅದನ್ನು ಹಳೆಯ ರೀತಿಗೆ ಪರಿವರ್ತಿಸಬೇಕು. ಅದಕ್ಕೆಂದೇ ಇರುವ ಇನ್ನೊಂದು ಸಾಫ್ಟ್‌ವೇರಿಗೆ ಫೈಲುಗಳನ್ನು ಒಪ್ಪಿಸಿದೆ. ಲ್ಯಾಪ್‌ಟಾಪು ಆಲೆಮನೆಯ ಗಾಣದಂತೆ ಕಿರುಗುಟ್ಟಿತು. ಕೆಲಸ ಮುಗಿದು ವಿಡಿಯೋ ಒಳಗೆ ಬಂದು ಕೂರುವ ಹೊತ್ತಿಗೆ, ತಾಳಲಾರದೆ ಬಸ್ಸು ಹತ್ತಿದ್ದ ಅಕ್ಕ ನಮ್ಮ ಮನೆಯೊಳಗೆ ಬಂದು ಕೂತಿದ್ದಳು.

ಗಟ್ಟಿಮೇಳ ಶುರುವಾಯಿತು. ಅಕ್ಕ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಮುಂದೆ ಬಾಗಿದಳು. ಅಷ್ಟರಲ್ಲಿ ಬಿಳಿ ಶರಟಿನ ಅಗಲವಾದ ಬೆನ್ನೊಂದು ಬಂದು ಪರದೆ ತುಂಬ ನಿಂತುಕೊಂಡಿತು. ಹೆಣ್ಣೂ ಇಲ್ಲ, ಗಂಡೂ ಇಲ್ಲ.

“ಯಾವನ್ಲಾ ಅವ್ನು ಮೂದೇವಿ? ಅತ್ಲಾಗ್ ಓಗೋ!” ಅಕ್ಕ ಪರದೆಗೇ ಗದರಿದಳು.

“ಯಾವನೋ ಬುದ್ಧಿ ಇಲ್ದೋನು ಕಣಕ್ಕ” ಎಂದು ನಾನೂ ದನಿಗೂಡಿಸಿದೆ.

ಆಗ ಬೆನ್ನು ತಿರುಗದೆಯೇ ಕೂಗಿತು: “ಏಯ್, ಫೋನ್ ಮಲಗಿಸಿ ಹಿಡ್ಕಳಪ್ಪಾ! ಧಾರೆ ಚೆನ್ನಾಗ್ ಬರ್ಬೇಕು!”

ದನಿ ನನ್ನದು. ಬೆನ್ನೂ ನನ್ನದು. ಅದು ಪಕ್ಕಕ್ಕೆ ಸರಿಯುವ ಹೊತ್ತಿಗೆ ಧಾರೆ ಮುಗಿದು, ಅಕ್ಷತೆಯೆಲ್ಲ ನೆಲ ಸೇರಿತ್ತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನನಗೆ ಮಾತ್ರ ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ.

“ಕೂಸಿನ್ ಮೊಕ ಒಂಚೂರೂ ಕಾಣ್ನಿಲ್ವಲ್ಲೋ” ಎಂದು ಅವಳು ನಿಟ್ಟುಸಿರು ಬಿಟ್ಟಳು. ಆಮೇಲೆ ಲ್ಯಾಪ್‌ಟಾಪಿನ ಬೆನ್ನು ಸವರಿದಳು. “ಒಳಕ್ ಬರಾಕಿಲ್ಲ ಅಂತ ಇದು ಅಟ ಇಡ್ದಿದ್ದು ನಿನ್ ಮಾನ ಉಳ್ಸಕ್ಕೆ ಕಣ್ಲಾ. ನೀನೇ ಎಳ್ಕಂಬಂದೆ.”

ಅಷ್ಟು ದಿನ ಆ ಸಾಫ್ಟ್‌ವೇರಿಗೆ ಬೈದಿದ್ದೆನಲ್ಲ, ಅಷ್ಟನ್ನೂ ಮನಸ್ಸಿನಲ್ಲೇ ವಾಪಸ್ಸು ತೆಗೆದುಕೊಂಡೆ.